ಹಳೇ ಮನೆ ಗ್ರೀನ್ ರಿನೋವೇಷನ್: ಒಡೆದ ಡೆಬ್ರಿಸ್ ಎಲ್ಲಿಗೆ ಹೋಯ್ತು ಅಂತ ಲೆಕ್ಕ ಇಡೋದು ಹೇಗೆ?

ಜಯನಗರ_ಹಳೇಮನೆ

ಎಲ್ಲರಿಗೂ ನಮಸ್ಕಾರ. ಅಪ್ಪ 1978ರಲ್ಲಿ ಕಟ್ಟಿಸಿದ ಮನೆ, ಕೆಳಗಡೆ ಒಂದು 12 ಚದರ (1200 ಚದರಡಿ) ಇದೆ, ಈಗ ರಿನೋವೇಷನ್‌ಗೆ ಕೈ ಹಾಕ್ತಿದೀವಿ. ಪೂರ್ತಿ ಕೆಡವಿ ಹೊಸದು ಕಟ್ಟಿ ಅಂತ ಹೇಳಿದವರೇ ಜಾಸ್ತಿ, ಆದ್ರೆ ಪಾಯ ಗಟ್ಟಿಯಾಗಿದೆ, ಗೋಡೆ ಚೆನ್ನಾಗಿದೆ, ಸುಮ್ನೆ ಯಾಕೆ ಕೆಡವಬೇಕು ಅಂತ ಉಳಿಸ್ಕೊಂಡು ಮಾಡ್ತಿದೀವಿ. ಸೋಲಾರ್, ಮಳೆನೀರು ಕೊಯ್ಲು, ಗಾಳಿ ಬೆಳಕು ಎಲ್ಲಾ ಪ್ಲಾನ್ ಆಯ್ತು, ಆರ್ಕಿಟೆಕ್ಟ್ ಚೆನ್ನಾಗೇ ಮಾಡಿಕೊಟ್ಟಿದಾರೆ.

ನನ್ನ ತಲೆ ತಿಂತಿರೋದು ಕೊಟೇಶನ್‌ನಲ್ಲಿರೋ ಒಂದೇ ಒಂದು ಸಾಲು. "ಒಡೆಯುವುದು ಮತ್ತು ಡೆಬ್ರಿಸ್ ಸಾಗಾಟ, ಲಂಪ್‌ಸಮ್." ಎಲ್ಲಿಗೆ ಸಾಗಿಸ್ತೀರಿ ಅಂದ್ರೆ ಕಂಟ್ರಾಕ್ಟರ್ "ಅದನ್ನ ನಮಗೆ ಬಿಡಿ ಸರ್, ಎರಡು ಟ್ರ್ಯಾಕ್ಟರ್ ಆಗುತ್ತೆ ಅಷ್ಟೇ" ಅಂತಾರೆ. ಮನೆ ಮೇಲೆ ಸೋಲಾರ್ ಹಾಕ್ಕೊಂಡು ಮನೆ ಕಸ ಯಾವುದೋ ರಾಜಕಾಲುವೆಗೆ ಬಿದ್ರೆ ಅದೆಂಥಾ ಗ್ರೀನ್ ಮನೆ? ಒಂದು ನಡುಮನೆ ಗೋಡೆ ತೆಗೀತೀವಿ, 600 ಚದರಡಿ ಮೊಸಾಯಿಕ್ ನೆಲ, ಎರಡು ಬಾತ್‌ರೂಮು, ತೇವ ಹಿಡಿದಿರೋ ಪ್ಲಾಸ್ಟರ್ ಒಂದು 1000 ಚದರಡಿ. ಲೆಕ್ಕ ಇಡೋದು ಎಲ್ಲಿಂದ ಶುರು ಮಾಡ್ಬೇಕು, ಗೊತ್ತಿರೋರು ದಯವಿಟ್ಟು ಹೇಳಿ.

ಸೈಟ್_ಮೇಡಂ

ಸರ್, ಲೆಕ್ಕ ಲಾರಿ ಬಂದಾಗ ಶುರು ಆಗಲ್ಲ, ಸುತ್ತಿಗೆ ಬೀಳೋಕೆ ಮುಂಚೆ ಶುರು ಆಗ್ಬೇಕು. ನಿಮ್ಮ ಅಂಕಿ ಇಟ್ಕೊಂಡೇ ಹೇಳ್ತೀನಿ, ಪೇಪರ್ ತಗೊಳ್ಳಿ.

ಒಂಬತ್ತಿಂಚಿನ ಇಟ್ಟಿಗೆ ಗೋಡೆ 10 ಅಡಿ ಉದ್ದ 10 ಅಡಿ ಎತ್ತರ ಅಂದ್ರೆ 75 ಕ್ಯೂಬಿಕ್ ಅಡಿ, ಅಂದ್ರೆ ಎರಡು ಕ್ಯೂಬಿಕ್ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇಟ್ಟಿಗೆ ಗೋಡೆ ಒಂದು ಕ್ಯೂಬಿಕ್ ಮೀಟರ್‌ಗೆ ಹತ್ತತ್ರ 1.9 ಟನ್ ತೂಗುತ್ತೆ, ಅಲ್ಲಿಗೆ ಆ ಒಂದು ಗೋಡೆನೇ 4 ಟನ್. ಮೊಸಾಯಿಕ್ ಹಲಗೆ ಒಂದಿಂಚು, ಕೆಳಗಿನ ಗಾರೆ ಎರಡಿಂಚು ಅಂತ ಇಟ್ಕೊಂಡ್ರೆ 600 ಚದರಡಿಗೆ 150 ಕ್ಯೂಬಿಕ್ ಅಡಿ, ಅದು 9 ಟನ್ ದಾಟುತ್ತೆ. ಪ್ಲಾಸ್ಟರ್ 15 ಮಿಲಿಮೀಟರ್ ದಪ್ಪ ಹಿಡಿದ್ರೆ ಇನ್ನೊಂದು ಎರಡೂಮುಕ್ಕಾಲು ಟನ್, ಬಾತ್‌ರೂಮ್ ಟೈಲ್ಸು, ಅದರ ಹಿಂದಿನ ಗಾರೆ ಎಲ್ಲಾ ಸೇರಿ ಎರಡು ಟನ್. ಒಟ್ಟು 18 ಟನ್ ಆಸುಪಾಸು. ಒಡೆದ ಮೇಲೆ ಮಧ್ಯೆ ಮಧ್ಯೆ ಸಂದು ಬಿದ್ದು ಅದೇ ಮಾಲು ಒಂದೂವರೆ ಪಟ್ಟು ಜಾಗ ತಿನ್ನುತ್ತೆ, 100 ಕ್ಯೂಬಿಕ್ ಅಡಿ ಟ್ರ್ಯಾಲಿಗೆ ಸುಮಾರು 4 ಟನ್ ಹಿಡಿಯುತ್ತೆ. ಅಂದ್ರೆ ಐದು ಲೋಡ್. ಎರಡು ಅಲ್ಲ.

ಈ ಅಂದಾಜು ಯಾಕೆ ಅಷ್ಟು ಮುಖ್ಯ ಅಂದ್ರೆ ಕೊನೇಲಿ ಲೋಡ್ ಇಳಿಸಿದ ಕಡೆ ಕೊಟ್ಟ ತೂಕದ ಚೀಟಿಗಳೆಲ್ಲ ಕೂಡಿ 9 ಟನ್ ಬಂತು ಅನ್ನಿ, ಮಿಕ್ಕಿದ 9 ಟನ್ ಎಲ್ಲೋ ಇಳಿದಿದೆ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತೆ. ಅಂದಾಜು ಇಲ್ದೆ ಬರೀ ಚೀಟಿ ಜೋಡಿಸಿಟ್ರೆ ಫೈಲ್ ದಪ್ಪ ಆಗುತ್ತೆ, ಬಿಟ್ಟುಹೋಗಿದ್ದು ಮಾತ್ರ ಗೊತ್ತಾಗಲ್ಲ. ನಾನು ನೋಡಿರೋ ಎಷ್ಟೋ ಗ್ರೀನ್ ಸರ್ಟಿಫಿಕೇಟ್ ಸೈಟ್‌ಗಳಲ್ಲಿ ಕೊರತೆ ಇದ್ದಿದ್ದು ಇಲ್ಲೇ.

ಜಯನಗರ_ಹಳೇಮನೆ

ಮೇಡಂ, ಬಹಳ ಉಪಕಾರ ಆಯ್ತು. 18 ಟನ್ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಕಾನೂನಿನ ಪ್ರಕಾರ ನಮ್ಮಂಥ ಸಣ್ಣ ಮನೆಗೆ ಏನಾದ್ರೂ ಇದೆಯಾ?

ಸೈಟ್_ಮೇಡಂ

ಇದೆ. 2016ರಲ್ಲಿ ಕಟ್ಟಡ ತ್ಯಾಜ್ಯಕ್ಕೇ ಅಂತ ಬೇರೆ ಕೇಂದ್ರ ನಿಯಮ ಬಂತು, ಅದರಲ್ಲಿ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಪ್ರಾಜೆಕ್ಟಿಂದ 300 ಟನ್ ದಾಟೋರು ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಆಮೇಲೆ ಕಬ್ಬಿಣ-ಮರ-ಪ್ಲಾಸ್ಟಿಕ್ಕು ಅಂತ ನಾಲ್ಕು ಬಗೆಯಾಗಿ ಬೇರ್ಪಡಿಸಿ, ಕೆಲಸಕ್ಕೆ ಮುಂಚೆ ಪ್ಲಾನ್ ಕೊಟ್ಟು ಒಪ್ಪಿಗೆ ತಗೋಬೇಕು ಅಂತ ಇತ್ತು. ನೀವು ಆ ಮಿತಿ ದಾಟಲ್ಲ, ಆದ್ರೆ ರಸ್ತೇಲಿ, ಚರಂಡೀಲಿ ಸುರಿಯೋ ಹಾಗಿಲ್ಲ, ನಿಮ್ಮ ಜಾಗದಲ್ಲೇ ಇಟ್ಕೊಂಡು ಸರಿಯಾದ ಕಡೆ ತಲುಪಿಸ್ಬೇಕು ಅನ್ನೋದು ಎಲ್ಲರಿಗೂ ಇದ್ದಿದ್ದೇ. 2025ರಲ್ಲಿ ಹೊಸ ನಿಯಮ ಪ್ರಕಟ ಆಗಿದೆ, ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡಗಳಿಗೆ ಇಷ್ಟು ಪಾಲು ರೀಸೈಕಲ್ ಆಗಲೇಬೇಕು ಅನ್ನೋ ಹೊಣೆ ಬಿಲ್ಡರ್ ತಲೆ ಮೇಲೇ ಬರುತ್ತೆ. ಅದು ದೊಡ್ಡವರಿಗೆ. ಆದ್ರೆ ಬೆಂಗಳೂರಲ್ಲಿ ಬೀದಿ ಬೀದೀಲಿ ನಡೀತಿರೋದು ನಿಮ್ಮಂಥ ಸಣ್ಣ ಕೆಲಸನೇ, ಒಂದೊಂದೂ ಐದೈದು ಲೋಡ್.

ಕೆರೆ_ಕಾವಲು

ಆ ಐದೈದು ಲೋಡ್ ಎಲ್ಲಿಗೆ ಬರುತ್ತೆ ಅಂತ ನಮ್ಮನ್ನ ಕೇಳಿ. ನಮ್ಮ ಏರಿಯಾ ಕೆರೆ ಹತ್ರ ಬೆಳಗಿನ ವಾಕಿಂಗ್ ಗುಂಪಿನವರು ನೋಡ್ಕೊಳ್ತಿರ್ತೀವಿ. ರಾತ್ರಿ ಟ್ರ್ಯಾಕ್ಟರ್ ಬರುತ್ತೆ, ಕೋಡಿ ಹತ್ರ, ರಾಜಕಾಲುವೆ ದಡದಲ್ಲಿ ಸುರಿದು ಹೋಗುತ್ತೆ, ಬೆಳಿಗ್ಗೆ ನೋಡಿದ್ರೆ ಯಾರದೋ ಮನೆ ದೇವರಕೋಣೆ ಟೈಲ್ಸು, ಅದರ ಮೇಲೆ ಓಂ ಅಂತ ಬರೆದಿರೋದು, ಚೂರು ಚೂರಾಗಿ ಬಿದ್ದಿರುತ್ತೆ, ಪಕ್ಕದಲ್ಲಿ ಅರ್ಧ ಮುರಿದ ಕಮೋಡು. ಆ ಮನೆಯವರು ದುಡ್ಡು ಕೊಟ್ಟೇ ಕಳಿಸಿರ್ತಾರೆ, ಅವರಿಗೆ ಇದು ಇಲ್ಲಿ ಬಿದ್ದಿದೆ ಅಂತ ಗೊತ್ತೂ ಇರಲ್ಲ.

ಇದು ಬರೀ ಗಲೀಜಿನ ವಿಷಯ ಅಲ್ಲ ಸ್ವಾಮಿ. ಕಾಲುವೆ ಅಗಲ ಕಮ್ಮಿ ಆಗುತ್ತೆ, ಮಳೆ ಬಂದಾಗ ನೀರು ವಾಪಸ್ ಲೇಔಟ್‌ಗೆ ನುಗ್ಗುತ್ತೆ. ಆಮೇಲೆ ಇನ್ನೊಂದು, ಕೆರೆ ಅಂಚಲ್ಲಿ ಮೊದಲು ಡೆಬ್ರಿಸ್ ಬೀಳುತ್ತೆ, ಸ್ವಲ್ಪ ದಿನಕ್ಕೆ ಜೆಸಿಬಿ ಬಂದು ಮಟ್ಟ ಮಾಡುತ್ತೆ, ಆಮೇಲೆ ಅಲ್ಲೊಂದು ಶೆಡ್ಡು ಎದ್ದು ನಿಲ್ಲುತ್ತೆ. ಒತ್ತುವರಿಗೆ ಮಣ್ಣು ಹಾಕೋ ಖರ್ಚು ಇಲ್ಲ, ನಮ್ಮ ನಿಮ್ಮ ಮನೆ ಇಟ್ಟಿಗೆನೇ ಸಾಕು. ಅದಕ್ಕೇ ನಾನು ಎಲ್ರಿಗೂ ಹೇಳೋದು, ಗಾಡಿ ನಂಬರ್ ಬರ್ಕೊಳ್ಳಿ. ಗೇಟ್ ಮುಂದೆ ನಂಬರ್ ಪ್ಲೇಟ್ ಕಾಣೋ ಹಾಗೆ ಒಂದು ಫೋಟೋ. ಅಷ್ಟು ಮಾಡಿದ್ರೆ ಡ್ರೈವರ್ ಎರಡು ಸಲ ಯೋಚ್ನೆ ಮಾಡ್ತಾನೆ.

ಕಂಟ್ರಾಕ್ಟರ್_ಹೆಬ್ಬಾಳ

ನಾನು ಕಂಟ್ರಾಕ್ಟರ್ರೇ, ನಮ್ಮ ಕಡೆಯಿಂದಾನೂ ಸ್ವಲ್ಪ ಕೇಳಿ. ಡೆಬ್ರಿಸ್ ಸಂಸ್ಕರಣಾ ಘಟಕ ಅಂದ್ರೆ ನಮಗೆ ಗೊತ್ತಿರೋದು ಚಿಕ್ಕಜಾಲ ಕಡೆದು, ಕಣ್ಣೂರು ಕಡೆದು. ಎರಡೂ ಉತ್ತರದಲ್ಲಿ. ಹೆಬ್ಬಾಳದೋನು ನಾನು ಹೋಗ್ಬಲ್ಲೆ, ಜಯನಗರದಿಂದ ಟ್ರ್ಯಾಕ್ಟರ್ ತಗೊಂಡು ಏರ್‌ಪೋರ್ಟ್ ರೋಡ್ ದಾಟಿ ಹೋಗು ಅಂದ್ರೆ ಡೀಸೆಲ್ಲು, ಡ್ರೈವರ್ ಬಾಟಾ, ಹಗಲು ದೊಡ್ಡ ಗಾಡಿಗೆ ಟ್ರಾಫಿಕ್ ನಿರ್ಬಂಧ, ಇವೆಲ್ಲಾ ಕಟ್ಟಿಕೊಂಡು ಲಂಪ್‌ಸಮ್‌ನಲ್ಲಿ ಆಗಲ್ಲ. ಪಕ್ಕದ ಕಂಟ್ರಾಕ್ಟರ್ ಅದನ್ನ ಹಾಕ್ದೆ ಕಮ್ಮಿ ರೇಟ್ ಕೊಡ್ತಾನೆ, ಕೆಲಸ ಅವನಿಗೇ ಹೋಗುತ್ತೆ. ಕಸ್ಟಮರ್ ಸಾಗಾಟದ ರೇಟ್ ಬೇರೆ ಸಾಲಲ್ಲಿ ಹಾಕಿ ಅಂತ ಕೇಳಿದ್ರೆ ನಾವು ಖುಷಿಯಾಗಿ ಮಾಡ್ತೀವಿ. ಕೇಳೋರೇ ಇಲ್ಲ.

ಸೈಟ್_ಮೇಡಂ

ಇವರು ಹೇಳೋದು ನೂರಕ್ಕೆ ನೂರು ನಿಜ. ಲಂಪ್‌ಸಮ್ ಅನ್ನೋ ಪದಾನೇ ಈ ಸಮಸ್ಯೆ ಮೂಲ. ಸಾಗಾಟ ಲಂಪ್‌ಸಮ್ ಆದ್ರೆ ಹತ್ರ ಎಲ್ಲಿ ಸುರಿದ್ರೆ ಅಷ್ಟು ಲಾಭ, ದೂರ ಹೋದಷ್ಟೂ ನಷ್ಟ. ಅದನ್ನ ಟನ್ ಲೆಕ್ಕಕ್ಕೆ ತನ್ನಿ. ಘಟಕದ ತೂಕದ ಚೀಟಿ ಕೊಟ್ಟಷ್ಟು ಟನ್‌ಗೆ ಇಷ್ಟು ದುಡ್ಡು, ಚೀಟಿ ಇಲ್ಲದ ಲೋಡ್‌ಗೆ ದುಡ್ಡಿಲ್ಲ. ಒಡೆಯೋ ಕೆಲಸದ ಬಿಲ್ಲಲ್ಲೂ ಕೊನೇ ಕಂತು ಹಿಡ್ಕೊಳ್ಳಿ, ಚೀಟಿಗಳ ಒಟ್ಟು ತೂಕ ಅಂದಾಜಿನ ಹತ್ರ ಬಂದ ಮೇಲೆ ಕೊಡಿ. ಇದನ್ನ ಬಾಯಿ ಮಾತಲ್ಲಿ ಬಿಡ್ಬೇಡಿ, ವರ್ಕ್ ಆರ್ಡರ್‌ನಲ್ಲಿ ಬರೀಬೇಕು. ಮತ್ತೆ ಹೊರಡೋ ಮುಂಚೆ ಪಾಲಿಕೆ ವಾರ್ಡ್ ಆಫೀಸಲ್ಲಿ, ಇಲ್ಲಾ ಬಿಎಸ್‌ಡಬ್ಲ್ಯುಎಂಎಲ್‌ನಲ್ಲಿ (ಬೆಂಗಳೂರಿನ ಘನತ್ಯಾಜ್ಯ ನೋಡ್ಕೊಳ್ಳೋ ಕಂಪನಿ), ನಿಮ್ಮ ಕಡೆಗೆ ಹತ್ರ ಆಗೋ ಕಲೆಕ್ಷನ್ ಪಾಯಿಂಟ್ ಯಾವುದು ಅಂತ ಕೇಳಿ ಬರೆಸಿಕೊಳ್ಳಿ.

ಹಳೇಕಿಟಕಿ

ನಾನು ಒಂದು ಮಾತು ಮಧ್ಯೆ ಹಾಕ್ಲಾ? ಎಲ್ಲರೂ ಸಾಗಾಟದ ಬಗ್ಗೆನೇ ಮಾತಾಡ್ತಿದೀರ, 1978ರ ಮನೆ ಅಂದ್ರೆ ಅದರಲ್ಲಿ ಕಸ ಅಂತ ಕರೆಯೋಕೆ ಆಗದೇ ಇರೋದೇ ಜಾಸ್ತಿ ಇರುತ್ತೆ. ತೇಗದ ಕಿಟಕಿ ಬಾಗಿಲು ಇದೆಯಾ ಸರ್? ಇದ್ರೆ ಒಡೆಯೋ ಗ್ಯಾಂಗ್ ಬರೋ ಮುಂಚೆ ಒಬ್ಬ ಒಳ್ಳೆ ಬಡಗಿನ ಕರೆಸಿ. ಒಡೆಯೋರು ಚೌಕಟ್ಟಿಗೆ ಹಾರೆ ಹಾಕಿ ಮೀಟ್ತಾರೆ, ಮೂಲೆ ಸೀಳುತ್ತೆ, ಅಲ್ಲಿಗೆ ಅದು ಸೌದೆ. ಬಡಗಿ ಆದ್ರೆ ಚೌಕಟ್ಟಿನ ಎರಡೂ ಕಡೆ ಗೋಡೆಯೊಳಗೆ ಹೋಗಿರೋ ಹೋಲ್ಡ್‌ಫಾಸ್ಟ್ ಎಲ್ಲಿದೆ ಅಂತ ತಟ್ಟಿ ನೋಡ್ತಾನೆ, ಅಷ್ಟು ಜಾಗದ ಪ್ಲಾಸ್ಟರ್ ಮಾತ್ರ ಉಳಿಯಿಂದ ಕೆತ್ತಿ ಬಿಡಿಸಿ, ಆ ಕಬ್ಬಿಣದ ಪಟ್ಟಿನ ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದು ಚೌಕಟ್ಟನ್ನ ಇಡಿಯಾಗಿ ಈಚೆ ತೆಗೀತಾನೆ. ಕೊಯ್ಯೋವಾಗ ಒಬ್ರು ಕೆಳಗಿಂದ ಹಿಡ್ಕೊಂಡಿರ್ಬೇಕು. ಅರ್ಧ ದಿನದ ಕೂಲಿ ಜಾಸ್ತಿ ಆಗುತ್ತೆ, ಆದ್ರೆ ಈಗ ಆ ಥರ ಮರ ಎಷ್ಟು ದುಡ್ಡು ಕೊಟ್ರೂ ಸಿಗಲ್ಲ. ನಮ್ಮ ಮನೆ ಊಟದ ಟೇಬಲ್ ಅಂಥದ್ದೇ ಹಳೇ ಬಾಗಿಲಿಂದ ಆಗಿದ್ದು.

ಕಡಪಾ ಕಲ್ಲಿನ ಅಡುಗೆಮನೆ ಕಟ್ಟೆ, ಸದರಹಳ್ಳಿ ಕಲ್ಲಿನ ಮೆಟ್ಟಿಲು, ಕಿಟಕಿ ಸರಳು, ಹಿತ್ತಾಳೆ ಚಿಲಕ, ಹಳೇ ನಲ್ಲಿ, ಇದೆಲ್ಲಾ ಪಟ್ಟಿ ಮಾಡಿ. ಏನು ಮನೇಲೇ ಮತ್ತೆ ಬಳಸ್ತೀರಿ, ಏನು ಮಾರ್ತೀರಿ, ಏನು ಗುಜರಿಗೆ. ಗುಜರಿಯವರು ಕಬ್ಬಿಣಕ್ಕೆ ತೂಕ ಹಾಕಿ ಕೊಡೋ ಚೀಟಿನೂ ಇಟ್ಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತೆ.

ಮೈಸೂರು_ಸುಣ್ಣಗಾರೆ

ಇಟ್ಟಿಗೆ ಬಗ್ಗೆ ನಾನು ಹೇಳ್ತೀನಿ. ಸುಣ್ಣದ ಗಾರೇಲಿ ಕಟ್ಟಿದ ಗೋಡೆ ಆದ್ರೆ ಇಟ್ಟಿಗೆ ಸಲೀಸಾಗಿ ಬಿಡುತ್ತೆ, ಬಾಚಿ ಹಿಂಬದೀಲಿ ಎರಡು ತಟ್ಟಿದ್ರೆ ಶುಚಿ. ನಮ್ಮ ಮೈಸೂರು ಹಳೇ ವಠಾರಗಳಲ್ಲಿ ಹಾಗೇ ತೆಗೆದು ಕಾಂಪೌಂಡ್‌ಗೆ, ಗಿಡದ ಕಟ್ಟೆಗೆ ಬಳಸಿದೀವಿ. ಸಿಮೆಂಟ್ ಗಾರೆ ಆದ್ರೆ ಗಾರೆಗಿಂತ ಮೊದಲು ಇಟ್ಟಿಗೆನೇ ಒಡೆಯುತ್ತೆ, ನಿಮ್ಮದು 78ರದ್ದು ಅಂದ್ರೆ ಸಿಮೆಂಟೇ ಇರ್ಬೇಕು, ಪೂರ್ತಿ ಇಟ್ಟಿಗೆ ಕಮ್ಮಿನೇ ಸಿಗುತ್ತೆ. ಬೇಜಾರಿಲ್ಲ, ಚೂರನ್ನ ತಾರಸಿ ವಾಟರ್‌ಪ್ರೂಫಿಂಗ್‌ಗೆ ಬ್ರಿಕ್‌ಬ್ಯಾಟ್ ಕೋಬಾ (ಗಾರೇಲಿ ಕೂರಿಸೋ ಇಟ್ಟಿಗೆ ಚೂರಿನ ಪದರ) ಹಾಕ್ತೀರಲ್ಲ ಅಲ್ಲಿಗೆ ಆರಿಸಿ ಇಟ್ಕೊಳ್ಳಿ. ಪ್ಲಾಸ್ಟರ್ ಅಂಟಿರೋದು, ಉಪ್ಪು ಬಿಟ್ಟು ಬೆಳ್ಳಗಾಗಿರೋದು ಬೇಡ.

ಜಯನಗರ_ಹಳೇಮನೆ

ಕಿಟಕಿ ಎಲ್ಲಾ ತೇಗನೇ ಸರ್, ನಾಳೇನೇ ಬಡಗಿಗೆ ಫೋನ್ ಮಾಡ್ತೀನಿ. ಇನ್ನೊಂದು ಪ್ರಶ್ನೆ, ಮೇಸ್ತ್ರಿ ಬಾತ್‌ರೂಮ್ ಸಂಕನ್ ಭಾಗಕ್ಕೆ (ಪೈಪ್ ಹೋಗೋಕೆ ತಗ್ಗಿಸಿರೋ ಜಾಗ) ಇದೇ ಡೆಬ್ರಿಸ್ ತುಂಬಿಬಿಡೋಣ, ಸಾಗಾಟನೂ ಉಳಿಯುತ್ತೆ ಅಂತಿದಾರೆ. ಅದು ಮರುಬಳಕೆ ಅಂತ ಆಗುತ್ತಾ?

ಸೈಟ್_ಮೇಡಂ

ಕೆಳಗಡೆ ನೆಲದ ಮೇಲಿನ ಬಾತ್‌ರೂಮ್ ಆದ್ರೆ ಆರಿಸಿದ ಇಟ್ಟಿಗೆ ಚೂರು ತುಂಬಬಹುದು. ಮೇಲ್ಮಹಡೀಲಿ ಸ್ಲ್ಯಾಬ್ ಮೇಲೆ ಆದ್ರೆ ಬೇಡವೇ ಬೇಡ. 40 ಚದರಡಿ ಬಾತ್‌ರೂಮು, ಒಂದೂವರೆ ಅಡಿ ಆಳ ಅಂದ್ರೆ 60 ಕ್ಯೂಬಿಕ್ ಅಡಿ, ಡೆಬ್ರಿಸ್ ಹಾಕಿದ್ರೆ ಎರಡೂವರೆ ಟನ್ ಆ ಹಳೇ ಸ್ಲ್ಯಾಬ್ ಮೇಲೆ ಕೂರುತ್ತೆ, ಒಂದು ಕಾರಿಗಿಂತ ಜಾಸ್ತಿ. ನೀರು ಸೋರಿದ್ರೆ ಆ ಪುಡಿ ಅದನ್ನ ಹೀರಿಕೊಂಡು ಇನ್ನೂ ತೂಕ. ಅಲ್ಲಿಗೆ ಹಗುರ ಬ್ಲಾಕ್ ಚೂರು ಹಾಕಿಸಿ. ಮತ್ತೆ ಜಿಪ್ಸಮ್, ಪಿಓಪಿ ಚೂರು ಇರೋ ಡೆಬ್ರಿಸ್‌ನ ಯಾವ ಭರ್ತಿಗೂ ಹಾಕಿಸ್ಬೇಡಿ, ಅದರ ಸಲ್ಫೇಟ್ ಸಿಮೆಂಟನ್ನ ನಿಧಾನಕ್ಕೆ ತಿನ್ನುತ್ತೆ.

ಸಾಗಾಟ ಉಳಿಸೋದೇ ಮರುಬಳಕೆ ಅಲ್ಲ ಸರ್, ಹಾಕಿದ ಜಾಗದಲ್ಲಿ ಅದು ಕೆಲಸಕ್ಕೆ ಬರ್ಬೇಕು.

ಸ್ಯಾನ್‌ಹೊಸೆ_ಕನ್ನಡಿಗ

ನಮ್ಮ ಕಡೆ ಹೇಗೆ ಅಂತ ಹೇಳ್ತೀನಿ, ಪ್ರಯೋಜನ ಆಗಬಹುದು. ಅಮೆರಿಕದ ಸ್ಯಾನ್‌ಹೊಸೆಯಲ್ಲಿ ಪರ್ಮಿಟ್ ತಗೊಳ್ಳೋವಾಗ್ಲೇ ಡೆಬ್ರಿಸ್‌ಗೆ ಅಂತ ಸಿಟಿಗೆ ಡೆಪಾಸಿಟ್ ಕಟ್ಟೋ ಪದ್ಧತಿ ಇದೆ, 2001ರಿಂದ ಬಂದಿದ್ದು. ಕೆಲಸ ಮುಗಿದ ಮೇಲೆ ಒಪ್ಪಿಗೆ ಇರೋ ಘಟಕದ ತೂಕದ ರಸೀದಿ ಕೊಟ್ರೆ ವಾಪಸ್. ಕ್ಯಾಲಿಫೋರ್ನಿಯಾ ಗ್ರೀನ್ ಕಟ್ಟಡ ಕೋಡ್‌ನಲ್ಲಿ ಈಗ 65 ಪರ್ಸೆಂಟ್ ಆದ್ರೂ ಲ್ಯಾಂಡ್‌ಫಿಲ್‌ಗೆ ಹೋಗದಂಗೆ ನೋಡ್ಕೋಬೇಕು. ಇನ್ನು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಇನ್ನೂ ಮುಂದಿದೆ, 2016ರಿಂದ ಹಳೇ ಮನೆಗಳನ್ನ ಜೆಸಿಬಿಲಿ ಕೆಡವೋ ಹಾಗಿಲ್ಲ, ಕೈಯಲ್ಲಿ ಬಿಚ್ಚಿ ಮರ ಉಳಿಸ್ಬೇಕು, ಈಗ 1940 ಮತ್ತು ಅದಕ್ಕೆ ಹಿಂದಿನ ಮನೆಗಳಿಗೆ ಈ ರೂಲ್. ಹಳೇಕಿಟಕಿಯವರು ಹೇಳಿದ ಬಡಗಿ ಕೆಲಸನೇ ಅಲ್ಲಿ ಕಾನೂನು.

ನಮ್ಮೂರಲ್ಲೂ ಪ್ಲಾನ್ ಸ್ಯಾಂಕ್ಷನ್ ಜೊತೆಗೇ ಹೀಗೆ ಡೆಪಾಸಿಟ್ ಇಟ್ಟು, ಚೀಟಿ ತೋರಿಸಿದ್ರೆ ವಾಪಸ್ ಅಂತ ಮಾಡಿದ್ರೆ ಕೆರೆ ಹತ್ರ ಕಾವಲು ಕಾಯೋ ಕಷ್ಟ ಎಷ್ಟು ಕಮ್ಮಿ ಆಗುತ್ತೆ. ಊರು ಬಿಟ್ಟು ಬಂದ್ರೂ ಪ್ರತಿ ಸಲ ಬಂದಾಗ ಕೆರೆ ದಡ ನೋಡಿ ಸಂಕಟ ಆಗುತ್ತೆ.

ರೇಟಿಂಗ್_ಕೆಲಸ

ಸರ್ಟಿಫಿಕೇಷನ್‌ಗೆ ಹೋಗೋರಿಗೆ ಒಂದೆರಡು ಮಾತು. ಲೀಡ್ ಅನ್ನೋ ಗ್ರೀನ್ ಕಟ್ಟಡ ರೇಟಿಂಗ್‌ನ ನಾಲ್ಕನೇ ಆವೃತ್ತೀಲಿ ಎರಡು ಮೆಟ್ಟಿಲು, ಮೂರು ಬಗೆ ಮಾಲು ಬೇರೆ ಮಾಡಿ 50 ಪರ್ಸೆಂಟ್ ಲ್ಯಾಂಡ್‌ಫಿಲ್‌ಗೆ ಹೋಗದಂಗೆ ತಪ್ಪಿಸೋದು, ಇಲ್ಲಾ ನಾಲ್ಕು ಬಗೆ ಮಾಡಿ 75 ಪರ್ಸೆಂಟ್. ಅಗೆದ ಮಣ್ಣು ಲೆಕ್ಕಕ್ಕೆ ಬರಲ್ಲ, ಇದನ್ನ ತುಂಬಾ ಜನ ಸೇರಿಸಿಬಿಟ್ಟು ಪರ್ಸೆಂಟೇಜ್ ಮೇಲೆ ತೋರಿಸ್ತಾರೆ, ರಿವ್ಯೂನಲ್ಲಿ ಅಲ್ಲೇ ಹಿಡಿತಾರೆ. ತೂಕದಲ್ಲಿ ಲೆಕ್ಕ ಇಟ್ರೆ ಕೊನೇತನಕ ತೂಕ, ಕ್ಯೂಬಿಕ್ ಮೀಟರ್ ಆದ್ರೆ ಕೊನೇತನಕ ಅದೇ. ಎರಡನ್ನೂ ಕಲಸಬಾರದು. ನಮ್ಮ ದೇಶದ ಐಜಿಬಿಸಿ, 'ಗೃಹ' (GRIHA) ಅನ್ನೋ ಗ್ರೀನ್ ಕಟ್ಟಡ ರೇಟಿಂಗ್‌ಗಳಲ್ಲೂ ಕಟ್ಟಡ ತ್ಯಾಜ್ಯಕ್ಕೆ ಅಂಕ ಇದೆ, ಅಲ್ಲೂ ದಾಖಲೆನೇ ಕೇಳೋದು.

ಜಯನಗರ_ಹಳೇಮನೆ

ನಾವು ಸರ್ಟಿಫಿಕೇಟ್‌ಗೆ ಹೋಗ್ತಿಲ್ಲ ಸರ್, ಆದ್ರೂ ಅದೇ ಶಿಸ್ತಲ್ಲಿ ಇಡೋಣ ಅಂತ. ದಿನಾ ಸೈಟಲ್ಲಿ ಬರೆಯೋದು ಹೇಗೆ? ನಾನು ಆಫೀಸಿಗೆ ಹೋಗೋನು, ಮನೇಲಿ ಅಮ್ಮ ಒಬ್ರೇ ಇರ್ತಾರೆ.

ಸೈಟ್_ಮೇಡಂ

ಅಮ್ಮಂಗೆ ಕಷ್ಟ ಕೊಡೋದು ಬೇಡ, ಮೇಸ್ತ್ರಿ ಕೈಲೇ ಮಾಡಿಸಬಹುದು. ಖಾಲಿ ಸಿಮೆಂಟ್ ಚೀಲಗಳಿಗೆ ಮೂರು ಬಣ್ಣದ ಪೇಂಟಲ್ಲಿ ಗೆರೆ ಎಳೆಸಿ, ಕೆಂಪು ಅಂದ್ರೆ ಇಟ್ಟಿಗೆ-ಗಾರೆ, ನೀಲಿ ಟೈಲ್ಸ್-ಮೊಸಾಯಿಕ್, ಹಳದಿ ಜಿಪ್ಸಮ್-ಪಿಓಪಿ. ಓದೋಕೆ ಬರದೇ ಇರೋ ಹುಡುಗರಿಗೂ ಬಣ್ಣ ಗೊತ್ತಾಗುತ್ತೆ, ಈಗ ಅರ್ಧ ಜನ ಬಿಹಾರ, ಒಡಿಶಾದಿಂದ ಬಂದಿರ್ತಾರೆ, ಕನ್ನಡದಲ್ಲಿ ಬೋರ್ಡ್ ಬರೆದ್ರೆ ಅವರಿಗೆ ತಿಳಿಯಲ್ಲ. ಗುಜರಿಯವರ ತಕ್ಕಡೀಲಿ ಪ್ರತಿ ಬಣ್ಣದ ಹತ್ತು ಚೀಲ ತೂಗಿಸಿ ಸರಾಸರಿ ತೆಗೀರಿ, ಆಮೇಲೆ ಬರೀ ಚೀಲ ಎಣಿಸಿದ್ರೆ ಸಾಕು. ಸಂಜೆ ಕೆಲಸ ಬಿಡೋವಾಗ ಗುಡ್ಡೆಯ ಒಂದು ಫೋಟೋ, ಚೀಲದ ಸಂಖ್ಯೆ, ಯಾವ ರೂಮು ಅಂತ ವಾಟ್ಸಾಪ್ ಗ್ರೂಪಿಗೆ. ಗಾಡಿ ಹೋದ ದಿನ ಗಾಡಿ ನಂಬರು, ಹೊರಟ ಹೊತ್ತು, ಖಾಲಿ ತೂಕ, ತುಂಬಿದ ತೂಕ, ಇಳಿಸಿದ ಜಾಗದ ಚೀಟಿ. ಚೀಟಿಯಲ್ಲಿರೋ ಹೊತ್ತು ನೋಡೋದು ಮರೀಬೇಡಿ. ಹನ್ನೊಂದು ಗಂಟೆಗೆ ನಿಮ್ಮ ಮನೆ ಬಿಟ್ಟ ಗಾಡಿ ಹನ್ನೊಂದು ಇಪ್ಪತ್ತಕ್ಕೆ ಚಿಕ್ಕಜಾಲದಲ್ಲಿ ತೂಗಿದೆ ಅಂತಿದ್ರೆ ಆ ಚೀಟಿ ನಿಮ್ಮ ಲೋಡ್‌ದಲ್ಲ.

ಎಕ್ಸೆಲ್‌ನಲ್ಲಿ ವಾರಕ್ಕೊಂದ್ಸಲ ನೀವೇ ಏರಿಸ್ಕೊಳ್ಳಿ.

ಕೆರೆ_ಕಾವಲು

ಘಟಕಕ್ಕೆ ಹೋದ ಮಾಲು ಏನಾಗುತ್ತೆ ಅಂತಾನೂ ಯಾರಾದ್ರೂ ಬರೀರಿ, ನಮ್ಮ ಗುಂಪಲ್ಲಿ "ಅಲ್ಲೂ ಗುಡ್ಡೆ ಹಾಕ್ತಾರೆ ಅಷ್ಟೇ" ಅನ್ನೋರಿದಾರೆ.

ಸೈಟ್_ಮೇಡಂ

ಕಬ್ಬಿಣ, ಮರ, ಪ್ಲಾಸ್ಟಿಕ್ ಆರಿಸಿ, ಕ್ರಷರ್‌ಗೆ ಹಾಕಿ, ಜರಡಿ ಹಿಡಿದು, ಕೆಲವು ಕಡೆ ತೊಳೆದು, ಜಲ್ಲಿ ಮತ್ತೆ ಮರಳು ಮಾಡ್ತಾರೆ, ಅದರಿಂದ ಪೇವರ್ ಬ್ಲಾಕು, ಕರ್ಬ್ ಸ್ಟೋನು. ದೆಹಲಿಯ ಬುರಾರಿಯಲ್ಲಿ 2009ರಿಂದ ಮಾಡ್ತಿದಾರೆ. ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಹಳೇ ಕಾಂಕ್ರೀಟಿಂದ ಬಂದ ಜಲ್ಲಿನ ಕಬ್ಬಿಣ ಹಾಕದ ಕಾಂಕ್ರೀಟಲ್ಲಿ 25 ಪರ್ಸೆಂಟ್, ಆರ್‌ಸಿಸೀಲಿ (ಕಬ್ಬಿಣ ಹಾಕಿದ ಕಾಂಕ್ರೀಟು) ಎಂ25 ಅನ್ನೋ ಬಲದ ದರ್ಜೆ ತನಕ 20 ಪರ್ಸೆಂಟ್, ಪಾಯದ ಕೆಳಗೆ ಹಾಸೋ ಬೆಡ್ ಕಾಂಕ್ರೀಟ್ ಥರದ್ದಕ್ಕೆ ಪೂರ್ತಿ ನೂರು ಬಳಸೋಕೆ ಒಪ್ಪಿದೆ. ಇಟ್ಟಿಗೆ ಬೆರೆತ ಜಲ್ಲಿ ಆದ್ರೆ ಬೆಡ್‌ಗೆ ಮಾತ್ರ. ಬೇರ್ಪಡಿಸಿ ಕಳಿಸಿ ಅಂತ ಬಾಯಿ ಬಡ್ಕೊಳ್ಳೋದು ಇದಕ್ಕೇ, ಕಲಸಿ ಕಳಿಸಿದ್ರೆ ಒಳ್ಳೇ ಕಾಂಕ್ರೀಟೂ ಕೆಳಗಿನ ದರ್ಜೆಗೆ ಇಳಿಯುತ್ತೆ. ಜಯನಗರದ ಸರ್, ನಿಮ್ಮ ಪಾರ್ಕಿಂಗ್ ಜಾಗಕ್ಕೆ ಅಂಥದ್ದೇ ಪೇವರ್ ತರಿಸಿ. ಕೊಳ್ಳೋರು ಇದ್ರೆ ಘಟಕ ಉಳಿಯುತ್ತೆ.

ಹಳೇಕಿಟಕಿ

ಮೇಡಂ, ಆ ಕಾಲದ ಮನೇಲಿ ಹಿತ್ತಲ ಶೆಡ್‌ಗೆ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಶೀಟ್ ಇರ್ತಿತ್ತು, ಕಿಟಕಿಗೆ ಹಳೇ ಎನಾಮಲ್ ಪೇಂಟು. ಅದರ ಬಗ್ಗೆನೂ ಹೇಳಿಬಿಡಿ.

ಸೈಟ್_ಮೇಡಂ

ಒಳ್ಳೇದು ನೆನಪು ಮಾಡಿದ್ರಿ. ಶೀಟಲ್ಲಿ ಕಲ್ನಾರು ಇರುತ್ತೆ, ಅದರ ದೂಳು ಶ್ವಾಸಕೋಶದಲ್ಲಿ ಕೂತು ಕ್ಯಾನ್ಸರ್ ತರುತ್ತೆ, ವರ್ಷಗಟ್ಟಲೆ ಬಿಟ್ಟು ಬರೋದು. ಒಡೀಬೇಡಿ, ಗ್ರೈಂಡರ್ ಹಾಕಿ ಕೊಯ್ಯಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟ್ ಕೆಳಗಿಳಿಸಿ, ದಪ್ಪ ಪ್ಲಾಸ್ಟಿಕ್ಕಲ್ಲಿ ಎರಡು ಸುತ್ತು ಸುತ್ತಿ ಬೇರೆ ಇಡಿ. ಡೆಬ್ರಿಸ್ ಜೊತೆ ಬೆರೆಸೋ ಹಾಗೇ ಇಲ್ಲ, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಕೊಡ್ಬೇಕು. ಪೇಂಟ್ ವಿಷಯಕ್ಕೆ ಬಂದ್ರೆ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿ ಆಗಿದ್ದೇ 2017ರ ನವೆಂಬರಲ್ಲಿ, ಅದಕ್ಕೆ ಹಿಂದಿನ ಎನಾಮಲ್ ಪದರದಲ್ಲಿ ಸೀಸ ಇದೆ ಅಂತಾನೇ ತಿಳ್ಕೊಂಡು ಕೆಲಸ ಮಾಡಿ. ಒಣ ಉಜ್ಜುವಿಕೆ ಬೇಡ, ಒದ್ದೆ ಮಾಡಿ ಕೆರೆಸಿ, ಮಾಸ್ಕ್ ಕೊಡಿಸಿ. ಆ ಮರದ ಚೂರನ್ನ ಕೆಲಸದವರು ಸ್ನಾನದ ನೀರು ಕಾಯಿಸೋಕೆ ಒಲೆಗೆ ಹಾಕ್ತಾರೆ, ಹೇಳಿ ತಪ್ಪಿಸಿ, ಪಕ್ಕದಲ್ಲೇ ಅವರ ಮಕ್ಕಳು ಆಡ್ತಿರ್ತಾವೆ.

ಜಯನಗರ_ಹಳೇಮನೆ

ಶೀಟ್ ಇದೆ ಮೇಡಂ, ಹಿತ್ತಲಲ್ಲಿ ನಾಲ್ಕು. ಹಾಗೇ ಕಂಟ್ರಾಕ್ಟರ್ ಹತ್ರ ಮಾತಾಡಿದೆ, ಟನ್ ಲೆಕ್ಕದ ರೇಟ್ ಬೇರೆ ಸಾಲಲ್ಲಿ ಹಾಕಿ ಹೊಸ ಕೊಟೇಶನ್ ಕಳಿಸ್ತೀನಿ ಅಂದ್ರು. ಸ್ವಲ್ಪ ಜಾಸ್ತಿನೇ ಆಗುತ್ತೆ, ಆಗ್ಲಿ. ಹಾಲ್‌ನಲ್ಲಿ ಜಿಪ್ಸಮ್ ಸೀಲಿಂಗ್ ಇದೆ, ಆಮೇಲೆ ಹಾಕ್ಸಿದ್ದು, ಅದನ್ನ ಮಾತ್ರ ಎಲ್ಲಿಡೋದು ಗೊತ್ತಾಗ್ತಿಲ್ಲ, ಮಳೆ ಬೇರೆ ಶುರು ಆಗಿದೆ.

ಕಂಟ್ರಾಕ್ಟರ್_ಹೆಬ್ಬಾಳ

ಸರ್, ಸೀಲಿಂಗ್ ಮೊದಲು ಬಿಚ್ಚಿಸಿ, ಗೋಡೆ ಒಡೆದ ಮೇಲೆ ಬೇಡ, ಇಟ್ಟಿಗೆ ಪುಡಿ ಜೊತೆ ಕಲಸಿ ಹೋದ್ರೆ ಬೇರೆ ಮಾಡೋಕೆ ಯಾರಿಂದಲೂ ಆಗಲ್ಲ. ಸ್ಕ್ರೂ ಬಿಚ್ಚಿ ಬೋರ್ಡ್ ಇಳಿಸಿ, ಒಳಗಿನ ಜಿಐ ಪಟ್ಟಿ ಗುಜರಿಗೆ. ಬೋರ್ಡ್ ಒಳಗಡೆ ರೂಮಲ್ಲೇ ಮರದ ತುಂಡಿನ ಮೇಲೆ ಜೋಡ್ಸಿ ಟಾರ್ಪಾಲ್ ಮುಚ್ಚಿ. ನೆನೆದು ಹಸಿ ಕಸದ ಜೊತೆ ಸೇರಿದ್ರೆ ಕೊಳೆತ ಮೊಟ್ಟೆ ವಾಸನೆ ಗ್ಯಾಸ್ ಬರುತ್ತೆ, ಅದು ಒಳ್ಳೇದಲ್ಲ. ಕೊನೇ ಟ್ರಿಪ್ಪಲ್ಲಿ ಹಳದಿ ಚೀಲಗಳ ಜೊತೆ ಬೇರೆಯಾಗಿ ಕಳಿಸಿ, ಚೀಟೀಲೂ ಬೇರೆ ಸಾಲಲ್ಲಿ ಬರೆಸಿ. ನಿಮ್ಮ ಕಂಟ್ರಾಕ್ಟರ್‌ಗೆ ದಾರಿ ಗೊತ್ತಿಲ್ಲ ಅಂದ್ರೆ ಇಲ್ಲೇ ಮೆಸೇಜ್ ಹಾಕಿ, ಘಟಕದ ಗೇಟಲ್ಲಿ ಯಾವ್ಯಾವ ಕಾಗದ ಕೇಳ್ತಾರೆ ಅಂತ ನಾನು ಹೇಳ್ತೀನಿ.